ಗಡ್ಡೆ ಒಂದು ಕಡೆ, ತೊಡಕು ಇನ್ನೊಂದು ಕಡೆ

ಜೂನ್ ತಿಂಗಳು ಬಂತೆಂದರೆ ಎಲ್ಲ ಪ್ರೌಢಶಾಲೆಗಳಲ್ಲೂ ಒಂದು ತಲೆನೋವಿನ ಕೆಲಸ ಶುರುವಾಗುತ್ತದೆ. ಅದೇ ಟೈಂಟೇಬಲ್ ಹಾಕುವುದು. ಒಬ್ಬ ಶಿಕ್ಷಕರಿಗೆ ಒಂದೇ ವೇಳೆಯಲ್ಲಿ ಎರಡು ತರಗತಿ ಬೀಳಬಾರದು. ಗಣಿತ ಬೆಳಗಿನ ಹೊತ್ತು ಇರಬೇಕು. ಆಟದ ಪೀರಿಯಡ್ ಊಟವಾದ ಕೂಡಲೇ ಬರಬಾರದು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಈ ಕೆಲಸ ಗಣಿತದ ಮೇಷ್ಟ್ರೊಬ್ಬರ ಪಾಲಿಗೆ ಬಂದಿತ್ತು. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲು, ಎರಡು ಸಂಜೆ. ಅಷ್ಟು ಸಾಕಿತ್ತು ಅವರಿಗೆ.

ಒಂದು ವರ್ಷ ಅವರಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂತು. ಪರೀಕ್ಷಿಸಿದಾಗ ಹಣೆಯ ಹಿಂಭಾಗದಲ್ಲಿ, ಮಿದುಳನ್ನು ಒತ್ತುತ್ತಿದ್ದ ಗಡ್ಡೆಯೊಂದು ಕಂಡಿತು. ಕ್ಯಾನ್ಸರ್ ಅಲ್ಲದ ಗಡ್ಡೆ. ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಐದಾರು ತಿಂಗಳಲ್ಲಿ ಮೇಷ್ಟ್ರು ಕೆಲಸಕ್ಕೆ ಮರಳಿದರು. ಅದೇ ಮಾತು, ಅದೇ ನಗೆ. ಹತ್ತೊಂಬತ್ತರ ಮಗ್ಗಿಯನ್ನು ಮೊದಲಿನಂತೆಯೇ ಗಡಗಡನೆ ಹೇಳುತ್ತಿದ್ದರು. ನಾವೆಲ್ಲ ಸಂತೋಷಪಟ್ಟೆವು.

ಮತ್ತೆ ಜೂನ್ ಬಂತು. ಮೇಷ್ಟ್ರು ಹಾಳೆ, ಪೆನ್ಸಿಲು ಹಿಡಿದು ಕುಳಿತರು. ಎರಡು ಸಂಜೆ ಹೋಗಿ ಎಂಟು ಸಂಜೆಯಾಯಿತು. ಅಳಿಸಿ ಬರೆದು, ಬರೆದು ಅಳಿಸಿ ಹಾಳೆ ತೂತಾಯಿತೇ ಹೊರತು ಟೈಂಟೇಬಲ್ ಆಗಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಅಂದರು: "ಆಪರೇಷನ್ ನೆಪ ಒಳ್ಳೇದೇ ಸಿಕ್ತು ಬಿಡಿ ಸಾರ್. ಮಗ್ಗಿ ಹೇಳೋಕೆ ಬರುತ್ತೆ, ಟೈಂಟೇಬಲ್ ಹಾಕೋಕೆ ಬರಲ್ವಂತೆ!" ನಾವು ನಕ್ಕೆವು. ಹೌದು, ವಿಜ್ಞಾನ ಪಾಠ ಮಾಡುವ ನಾನೂ ನಕ್ಕಿದ್ದೆ.

ಆ ನಗು ಎಷ್ಟು ತಪ್ಪಾಗಿತ್ತೆಂದು ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ, ಕೆನಡಾ ದೇಶದ ಒಬ್ಬ ಹೆಂಗಸಿನ ರಾತ್ರಿಯೂಟದ ಕಥೆಯನ್ನು ಓದಿದಾಗ.

ಅಕ್ಕನ ತಲೆಯೊಳಗೆ ತಮ್ಮನ ಕೈ

ವೈಲ್ಡರ್ ಪೆನ್‌ಫೀಲ್ಡ್ (1891-1976) ಮಿದುಳು ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಬಹು ದೊಡ್ಡ ಹೆಸರು. 1928ರಲ್ಲಿ ಅವರು ಕೆನಡಾದ ಮಾಂಟ್ರಿಯಲ್ ನಗರಕ್ಕೆ ಬಂದು ನೆಲೆಸಿದರು. ಅದೇ ವರ್ಷದ ಕೊನೆಗೆ ಅವರ ಮುಂದೆ ರೋಗಿಯಾಗಿ ಬಂದವರು ಸ್ವಂತ ಅಕ್ಕ ರೂತ್. ಬಹಳ ಕಾಲದಿಂದ ತಲೆನೋವು, ಫಿಟ್ಸ್. ಮಿದುಳಿನ ಬಲಭಾಗದಲ್ಲಿ, ಹಣೆಯ ಹಿಂದಿರುವ ಮುಂಭಾಗದ ಹಾಲೆಯಲ್ಲಿ ಗಡ್ಡೆ ಬೆಳೆದಿತ್ತು. ಸ್ವಂತ ಅಕ್ಕನ ತಲೆಬುರುಡೆ ತೆರೆಯುವ ಧೈರ್ಯ ಎಷ್ಟು ಜನಕ್ಕಿದ್ದೀತು? ಪೆನ್‌ಫೀಲ್ಡ್ ತಾವೇ ಶಸ್ತ್ರಚಿಕಿತ್ಸೆ ಮಾಡಿ, ಬಲಗಡೆಯ ಮುಂಭಾಗದ ಹಾಲೆಯ ಬಹುಪಾಲನ್ನು ತೆಗೆದರು. ಗಡ್ಡೆಯನ್ನು ಮಾತ್ರ ಪೂರ್ತಿಯಾಗಿ ತೆಗೆಯಲಾಗಲಿಲ್ಲ.

ರೂತ್ ಚೇತರಿಸಿಕೊಂಡು ಮನೆಗೆ ಮರಳಿದರು. ನೆನಪು ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು, ಒಳ್ಳೆಯದು ಕೆಟ್ಟದ್ದರ ವಿವೇಚನೆಯೂ ಇತ್ತು. ಹದಿನೈದು ತಿಂಗಳ ನಂತರ ಒಂದು ದಿನ ಅವರು ಒಬ್ಬ ಅತಿಥಿಗೂ ಮನೆಯ ನಾಲ್ವರಿಗೂ ಒಂದು ಸರಳ ರಾತ್ರಿಯೂಟ ಮಾಡಿ ಬಡಿಸಬೇಕೆಂದು ಹೊರಟರು. ಇಡೀ ದಿನದ ಬಿಡುವಿತ್ತು. ಉತ್ಸಾಹವೂ ಇತ್ತು. ಊಟದ ಹೊತ್ತಾದಾಗ ನೋಡಿದರೆ ರೂತ್ ಅಡುಗೆಮನೆಯಲ್ಲೇ ನಿಂತಿದ್ದಾರೆ. ಸಾಮಾನೆಲ್ಲ ಎದುರಿಗೇ ಇದೆ. ಒಲೆಯ ಮೇಲೆ ಒಂದೆರಡು ಪದಾರ್ಥ ಬೇಯುತ್ತಿವೆ. ಮಿಕ್ಕವಕ್ಕೆ ಕೈಯನ್ನೇ ಹಚ್ಚಿಲ್ಲ. ದಿನವಿಡೀ ಒಬ್ಬರೇ ಒದ್ದಾಡಿ ರೂತ್ ಕಂಗಾಲಾಗಿದ್ದರು. ಬೇರೆಯವರು ಕೈಜೋಡಿಸಿದ ಕೂಡಲೇ ಅಡುಗೆ ಮುಗಿಯಿತು. ಊಟದ ವೇಳೆ ರೂತ್ ಎಲ್ಲರೊಡನೆ ನಗುನಗುತ್ತ ಮಾತಾಡಿದರು.

ಬೇಯಿಸುವುದು ಗೊತ್ತು, ಹೆಚ್ಚುವುದು ಗೊತ್ತು. ಗೊತ್ತಿಲ್ಲದೆ ಹೋದದ್ದು ಯಾವುದು ಮೊದಲು, ಯಾವುದು ಆಮೇಲೆ, ಇದು ಬೇಯುವಷ್ಟರಲ್ಲಿ ಯಾವುದನ್ನು ಮುಗಿಸಬೇಕು ಎಂಬ ಹೊಂದಾಣಿಕೆ. ನಮ್ಮ ಮೇಷ್ಟ್ರ ಟೈಂಟೇಬಲ್ಲಿನ ಕಥೆಯೂ ಇದೇ ಅಲ್ಲವೇ?

ಗಡ್ಡೆ ಮತ್ತೆ ಬೆಳೆದು 1931ರಲ್ಲಿ ರೂತ್ ತೀರಿಕೊಂಡರು. 1934ರಲ್ಲಿ ಪೆನ್‌ಫೀಲ್ಡ್ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದರು. 1935ರಲ್ಲಿ ಸಹೋದ್ಯೋಗಿ ಜೋಸೆಫ್ ಇವಾನ್ಸ್ ಜೊತೆ ಬರೆದ ಲೇಖನದಲ್ಲಿ ಈ ಊಟದ ಪ್ರಸಂಗವನ್ನು ವಿಜ್ಞಾನಿಯ ನಿರ್ಲಿಪ್ತತೆಯಿಂದ ದಾಖಲಿಸಿದರು. ಯೋಜನೆ ಹಾಕಿ ಕೆಲಸ ನಡೆಸುವ ಶಕ್ತಿ ಕುಂದಿದರೂ ಹೊರನೋಟಕ್ಕೆ ಮನುಷ್ಯ ಸರಿಯಾಗಿಯೇ ಕಾಣಬಹುದು ಎಂಬುದು ಅಲ್ಲಿನ ದೊಡ್ಡ ಪಾಠ.

ಪೆಟ್ಟಿಗೆಗಳಲ್ಲ, ಹಾದಿಗಳು

ಶಾಲೆಯ ಪುಸ್ತಕಗಳಲ್ಲಿ ಮಿದುಳಿನ ಚಿತ್ರ ನೋಡಿರುತ್ತೀರಿ. ಇಲ್ಲಿ ಮಾತು, ಇಲ್ಲಿ ನೋಟ, ಇಲ್ಲಿ ಕೈಕಾಲು ಎಂದು ಬಣ್ಣ ಬಣ್ಣದ ಭಾಗಗಳು. ಇದು ಸುಳ್ಳಲ್ಲ. 1861ರಲ್ಲಿ ಫ್ರಾನ್ಸಿನ ಪಾಲ್ ಬ್ರೋಕಾ, ಮಾತು ನಿಂತುಹೋಗಿ ಒಂದೇ ಶಬ್ದವನ್ನು ಪದೇ ಪದೇ ಹೇಳುತ್ತಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಸಾವಿನ ನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಹಾನಿಯಾದ ಜಾಗವನ್ನು ತೋರಿಸಿದರು. ಅಂದಿನಿಂದ ಮಿದುಳಿಗೆ ನಕ್ಷೆ ಬರೆಯುವ ಕೆಲಸ ಭರದಿಂದ ಸಾಗಿತು.

ಆದರೆ ಯೋಚನೆ ಎಂಬುದಕ್ಕೆ ಇಂಥದೇ ಒಂದು ಕೋಣೆ ಸಿಗಲಿಲ್ಲ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಉದ್ದನೆಯ ನರತಂತುಗಳ ಮೂಲಕ. ಈ ತಂತುಗಳ ಮೇಲೆ ಕೊಬ್ಬಿನಂಥ ಬಿಳಿ ಹೊದಿಕೆ ಇರುವುದರಿಂದ ಇವುಗಳ ರಾಶಿಗೆ ಬಿಳಿ ದ್ರವ್ಯ ಎಂದು ಹೆಸರು. ಒಬ್ಬ ಯುವಕನ ಮಿದುಳಿನ ಇಂಥ ತಂತುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಒಂದೂವರೆ ಲಕ್ಷ ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಅಂದರೆ ಭೂಮಿಯನ್ನು ಮೂರೂವರೆ ಸಲಕ್ಕೂ ಮಿಗಿಲಾಗಿ ಸುತ್ತಬಹುದು. ಇಷ್ಟೆಲ್ಲ ಹಾದಿಗಳು ಸುಮಾರು 1,400 ಗ್ರಾಂ ತೂಗುವ ಅಂಗದೊಳಗೆ ಅಡಗಿವೆ!

ರೈಲಿನ ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು ಹಾಸನ, ಅರಸೀಕೆರೆ, ಬೀರೂರು ದಾಟಿ ಹೋಗಬೇಕು. ಅರಸೀಕೆರೆಯ ಬಳಿ ಹಳಿ ಕೆಟ್ಟಿತೆನ್ನಿ. ಶಿವಮೊಗ್ಗ ನಿಲ್ದಾಣಕ್ಕೆ ಏನೂ ಆಗಿಲ್ಲ. ಸ್ಟೇಷನ್ ಮಾಸ್ತರರು ಇದ್ದಾರೆ, ಸಿಗ್ನಲ್ ಸರಿಯಿದೆ, ಕಾಫಿ ಅಂಗಡಿಯೂ ತೆರೆದಿದೆ. ರೈಲು ಮಾತ್ರ ಬರುವುದಿಲ್ಲ. ಶಿವಮೊಗ್ಗದಲ್ಲಿ ಕಾಯುತ್ತಿರುವ ಪ್ರಯಾಣಿಕನಿಗೆ ತೊಂದರೆ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಸಣ್ಣ ನಿಲ್ದಾಣ ಮುಚ್ಚಿದರೆ ಆ ಊರಿನವರಿಗಷ್ಟೇ ತೊಂದರೆ. ಜಂಕ್ಷನ್ ಮುಚ್ಚಿದರೆ ನಾಲ್ಕು ದಿಕ್ಕಿನವರಿಗೂ ತೊಂದರೆ.

ಮಿದುಳಿನಲ್ಲಿಯೂ ಹೀಗೆ ಜಂಕ್ಷನ್ನುಗಳಿವೆ. ಒಂದು ಕಡೆಯ ಗಾಯ ದೂರದ, ಗಾಯವೇ ಆಗದ ಭಾಗವನ್ನೂ ಮಂಕುಗೊಳಿಸಬಲ್ಲದೆಂದು ಕಾನ್‌ಸ್ಟಂಟಿನ್ ಫಾನ್ ಮೊನಾಕೊ ಎಂಬ ನರವಿಜ್ಞಾನಿ 1914ರಷ್ಟು ಹಿಂದೆಯೇ ವಿವರಿಸಿದ್ದರು. ಬದುಕಿರುವ ಮನುಷ್ಯನ ಮಿದುಳಿನಲ್ಲಿ ಅದನ್ನು ಕಣ್ಣಾರೆ ನೋಡುವ ಸಾಧನ ಮಾತ್ರ ಆಗ ಇರಲಿಲ್ಲ.

ಸುಮ್ಮನೆ ಮಲಗಿದ್ದಾಗ ಕಂಡದ್ದು

ಸಾಧನ ಬಂದದ್ದು 1990ರ ದಶಕದಲ್ಲಿ. ಮಿದುಳಿನ ಯಾವ ಭಾಗ ದುಡಿಯುತ್ತದೆಯೋ ಅಲ್ಲಿಗೆ ರಕ್ತದ ಹರಿವು ಹೆಚ್ಚುತ್ತದೆ. ಆಮ್ಲಜನಕ ತುಂಬಿದ ರಕ್ತಕ್ಕೂ ಆಮ್ಲಜನಕ ಬಿಟ್ಟುಕೊಟ್ಟ ರಕ್ತಕ್ಕೂ ಕಾಂತೀಯ ಗುಣದಲ್ಲಿ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನು ಎಂಆರ್‌ಐ ಯಂತ್ರದಲ್ಲಿ ಗುರುತಿಸಬಹುದೆಂದು 1990ರಲ್ಲಿ ಸೈಜಿ ಒಗಾವಾ ತೋರಿಸಿದರು. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ಮೂಲದ ಭರತ್ ಬಿಸ್ವಾಲ್ ಒಂದು ವಿಚಿತ್ರ ಗಮನಿಸಿದರು. ವ್ಯಕ್ತಿ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ, ಎಡಗಡೆ ಮತ್ತು ಬಲಗಡೆಗಳಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳ ಏರಿಳಿತ ಒಂದೇ ತಾಳದಲ್ಲಿ ನಡೆದಿತ್ತು. ದೂರದಲ್ಲಿದ್ದರೂ ಅವು ಒಂದೇ ಜಾಲಕ್ಕೆ ಸೇರಿದವು ಎಂದರ್ಥ.

ಅನಂತರ ಇಂಥ ಹಲವು ಜಾಲಗಳು ಬೆಳಕಿಗೆ ಬಂದವು. ಹಣೆಯ ಹಿಂದಿನ ಭಾಗವನ್ನೂ ನೆತ್ತಿಯ ಹಿಂಬದಿಯನ್ನೂ ಕೂಡಿಸುವ ಜಾಲವೊಂದು ಲೆಕ್ಕ, ಯೋಜನೆ, ಏಕಾಗ್ರತೆಗಳಲ್ಲಿ ದುಡಿಯುತ್ತದೆ. ಮನಸ್ಸು ತನ್ನಷ್ಟಕ್ಕೆ ಅಲೆಯುವಾಗ ಚುರುಕಾಗುವ ಇನ್ನೊಂದು ಜಾಲವನ್ನು 2001ರಲ್ಲಿ ಮಾರ್ಕಸ್ ರೈಖ್ಲೆ ಮತ್ತು ಸಂಗಡಿಗರು ವಿವರಿಸಿದರು. ನೀವು ಕಿಟಕಿಯಾಚೆ ನೋಡುತ್ತ ಕನಸು ಕಾಣುವಾಗ ಈ ಎರಡನೆಯದರ ದರ್ಬಾರು. "ಏ, ಇಲ್ಲಿ ನೋಡು" ಎಂದು ಮೇಷ್ಟ್ರು ಗದರಿದ ಕೂಡಲೇ ಅದು ತಗ್ಗಿ, ಮೊದಲನೆಯದು ಏಳಬೇಕು. ಈ ಏರುವಿಕೆ ಇಳಿಯುವಿಕೆ ಸರಾಗವಾಗಿದ್ದರೆ ಯೋಚನೆಯೂ ಸರಾಗ.

ಒಂದು ಸಣ್ಣ ಪ್ರಯೋಗ ಮಾಡಿ. 100ರಿಂದ 7ನ್ನು ಕಳೆಯುತ್ತ ಹೋಗಿ: 93, 86, 79, 72, 65... ಸುಲಭವೇ? ಇದಕ್ಕೆ ಕಳೆಯುವ ಲೆಕ್ಕ ಗೊತ್ತಿದ್ದರಷ್ಟೇ ಸಾಲದು. ಬಂದ ಉತ್ತರವನ್ನು ಹಿಡಿದಿಟ್ಟುಕೊಳ್ಳಬೇಕು, ಮುಂದಿನದನ್ನು ಕಳೆಯಬೇಕು, ಹಳೆಯದನ್ನು ಬಿಡಬೇಕು, ಪಕ್ಕದ ಮನೆಯ ಟಿ.ವಿ. ಸದ್ದಿಗೆ ಕಿವಿಗೊಡಬಾರದು. ಇನ್ನೊಂದು: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ? ಇಂಥವೇ ಪರೀಕ್ಷೆಗಳನ್ನು ತಜ್ಞರು ಮಿದುಳಿನ ಗಡ್ಡೆಯಿರುವ ರೋಗಿಗಳಿಗೂ ಕೊಡುತ್ತಾರೆ. (ತಪ್ಪು ಮಾಡಿದಿರೆಂದು ಗಾಬರಿಯಾಗಬೇಡಿ. ಎಲ್ಲರೂ ತಪ್ಪುತ್ತೇವೆ!) ಅನೇಕ ರೋಗಿಗಳು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇವುಗಳಲ್ಲಿ ಹಿಂದೆ ಬಿದ್ದಿರುತ್ತಾರೆ.

ಇದಕ್ಕೆ ಕಾರಣ ಹುಡುಕಿದವರಲ್ಲಿ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳೂ ಇದ್ದಾರೆ. ಮಿದುಳಿನ ವಿದ್ಯುತ್ತಿನಿಂದ ಹುಟ್ಟುವ ಅತಿ ಕ್ಷೀಣವಾದ ಕಾಂತಕ್ಷೇತ್ರವನ್ನು ತಲೆಯ ಹೊರಗಿನಿಂದಲೇ ಅಳೆಯುವ ವಿಧಾನದಿಂದ ಅವರು ಗಡ್ಡೆಯಿರುವವರನ್ನೂ ಆರೋಗ್ಯವಂತರನ್ನೂ ಹೋಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗಡ್ಡೆ ಒಂದು ಕಡೆ ಇದ್ದರೂ ಸಂಪರ್ಕದ ಏರುಪೇರು ಅಲ್ಲಿಗೇ ಸೀಮಿತವಾಗಿರಲಿಲ್ಲ. ದೂರದ ಭಾಗಗಳ ನಡುವಿನ ತಾಳವೂ ತಪ್ಪಿತ್ತು. ಈ ಏರುಪೇರಿಗೂ ರೋಗಿಗಳು ಯೋಚನೆಯ ಪರೀಕ್ಷೆಗಳಲ್ಲಿ ಪಡೆದ ಅಂಕಗಳಿಗೂ ಸಂಬಂಧವಿದೆಯೆಂದು ಅದೇ ಊರಿನ ಮುಂದಿನ ಅಧ್ಯಯನಗಳು ಹೇಳಿದವು. ಅರಸೀಕೆರೆಯ ಹಳಿ, ಶಿವಮೊಗ್ಗದ ಪ್ರಯಾಣಿಕ!

ನಿಧಾನವೇ ಪ್ರಧಾನ

ಮಿದುಳಿನ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಮಿದುಳನ್ನು ಸುತ್ತಿದ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ ಸಾಮಾನ್ಯವಾಗಿ ಮಿದುಳನ್ನು ಹೊರಗಿನಿಂದ ಒತ್ತುತ್ತದೆ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳ ಬಳಗದಿಂದ ಬರುವ ಗ್ಲಿಯೋಮಾ ಹಾಗಲ್ಲ. ಅದು ಹೊಲದೊಳಗೆ ಗರಿಕೆ ಹಬ್ಬಿದಂತೆ ಬಿಳಿ ದ್ರವ್ಯದ ಹಾದಿಗುಂಟ ಒಳಗೊಳಗೇ ಹಬ್ಬುತ್ತದೆ. ಗ್ಲಿಯೋಮಾಗಳಲ್ಲಿ ಕೆಲವು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ, ಕೆಲವು ತಿಂಗಳುಗಳಲ್ಲೇ ಹಿಗ್ಗುತ್ತವೆ.

ಇಲ್ಲೊಂದು ಸೋಜಿಗವಿದೆ. ಪಾರ್ಶ್ವವಾಯು ಹೊಡೆದಾಗ ಸ್ವಲ್ಪ ಜಾಗ ಕೆಟ್ಟರೂ ಮಾತು ತಟ್ಟನೆ ನಿಲ್ಲಬಹುದು. ಅದೇ ಜಾಗದಲ್ಲಿ ನಿಧಾನವಾಗಿ ಬೆಳೆದ ಗಡ್ಡೆ ನಿಂಬೆಹಣ್ಣಿನಷ್ಟಾಗಿದ್ದರೂ ರೋಗಿ ಚೆನ್ನಾಗಿಯೇ ಮಾತಾಡುತ್ತಿರಬಹುದು. ಕಾರಣ, ಸಮಯ ಸಿಕ್ಕಾಗ ಮಿದುಳು ಕೆಲಸವನ್ನು ಅಕ್ಕಪಕ್ಕದ ಭಾಗಕ್ಕೋ ಇನ್ನೊಂದು ಮಗ್ಗುಲಿಗೋ ಮೆಲ್ಲನೆ ವರ್ಗಾಯಿಸಿಕೊಂಡಿರುತ್ತದೆ. ಫ್ರಾನ್ಸಿನ ಮಾಂಪೆಲಿಯೆ ನಗರದ ಶಸ್ತ್ರಚಿಕಿತ್ಸಕ ಹ್ಯೂಗ್ ಡುಫೋ ಮತ್ತು ಸಂಗಡಿಗರು ಈ ವಿಷಯವನ್ನು ಆಳವಾಗಿ ಅಭ್ಯಾಸ ಮಾಡಿದ್ದಾರೆ.

ಅವರದು ರೋಗಿಯನ್ನು ಎಚ್ಚರವಾಗಿಟ್ಟು ಮಾಡುವ ಶಸ್ತ್ರಚಿಕಿತ್ಸೆ. ಇದು ಪೆನ್‌ಫೀಲ್ಡರ ಕಾಲದಿಂದ ಬಂದ ದಾರಿ. ಮಿದುಳಿಗೆ ನೋವಿನ ಅರಿವಿಲ್ಲ, ನೋವಿರುವುದು ಚರ್ಮ ಮತ್ತು ಹೊದಿಕೆಗಳಿಗೆ. ಅಲ್ಲಿಗೆ ಅರಿವಳಿಕೆ ಕೊಟ್ಟರೆ ಸಾಕು. ರೋಗಿಗೆ ಒಂದೊಂದೇ ಚಿತ್ರ ತೋರಿಸುತ್ತಾರೆ. "ಇದು ಕೊಡೆ... ಇದು ಬೆಕ್ಕು..." ಎನ್ನುತ್ತಿರುವಾಗ ವೈದ್ಯರು ಮಿದುಳಿನ ಒಂದು ಜಾಗವನ್ನು ಮೃದುವಾದ ವಿದ್ಯುತ್ತಿನಿಂದ ಮುಟ್ಟುತ್ತಾರೆ. ರೋಗಿ ತಟ್ಟನೆ ತಡವರಿಸಿದರೆ, ಆ ಜಾಗಕ್ಕೆ ಕತ್ತರಿ ಹಾಕುವಂತಿಲ್ಲ. ಅಲ್ಲೊಂದು ಗುರುತಿನ ಚೀಟಿ ಇಟ್ಟು ಮುಂದೆ ಹೋಗುತ್ತಾರೆ.

ಇಂಥ ಅನುಭವದಿಂದ ದೊರೆತ ಮುಖ್ಯ ತಿಳಿವಳಿಕೆ ಇದು: ಮೇಲ್ಪದರದ ಬೂದು ದ್ರವ್ಯದ ಕೆಲಸಗಳನ್ನು ಮಿದುಳು ಎಷ್ಟೋ ವೇಳೆ ಬೇರೆಡೆಗೆ ಸಾಗಿಸಬಲ್ಲದು. ಆಳದ ಬಿಳಿ ದ್ರವ್ಯದ ಮುಖ್ಯ ಹಾದಿಗಳು ಕಡಿದರೆ ಮಾತ್ರ ಬದಲಿ ಸಿಗುವುದು ಬಹಳ ಕಷ್ಟ. ನಿಲ್ದಾಣವನ್ನು ಪಕ್ಕಕ್ಕೆ ಸರಿಸಬಹುದು, ಹಳಿಯನ್ನೇ ಕಿತ್ತರೆ ಏನು ಮಾಡುವುದು?

ಜಾಲಕ್ಕೆ ಕೈ ಹಾಕುವ ಗಡ್ಡೆ

ಗಡ್ಡೆ ಎಂದರೆ ಹಳಿಯ ಮೇಲೆ ಬಿದ್ದ ಬಂಡೆ ಎಂದು ಬಹುಕಾಲ ತಿಳಿಯಲಾಗಿತ್ತು. ವಾಸ್ತವ ಅದಕ್ಕಿಂತ ಜಟಿಲ. ಆರೋಗ್ಯವಂತ ನರಕೋಶಗಳು ಗ್ಲಿಯೋಮಾದ ಕೋಶಗಳೊಡನೆಯೂ ನೇರ ಸಂಧಿ ಏರ್ಪಡಿಸಿಕೊಂಡು ಸಂಕೇತ ಕಳಿಸುತ್ತವೆ, ಆ ಸಂಕೇತದಿಂದ ಗಡ್ಡೆ ಬೆಳೆಯಲು ಅನುಕೂಲವಾಗುತ್ತದೆ ಎಂದು 2019ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜರ್ಮನಿಯ ಹೈಡೆಲ್‌ಬರ್ಗ್‌ನ ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಅಂದರೆ ಗಡ್ಡೆ ಜಾಲವನ್ನು ಕೆಡಿಸುವುದಷ್ಟೇ ಅಲ್ಲ, ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದಿಯುವವರಂತೆ ಜಾಲದೊಳಗೇ ಸೇರಿಕೊಳ್ಳುತ್ತದೆ. 2023ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಯಿದ್ದ ರೋಗಿಗಳನ್ನು ಮಾತಾಡಿಸಿ ನೋಡಿದಾಗ, ಗಡ್ಡೆ ಹಬ್ಬಿದ ಭಾಗಗಳೂ ಮಾತಿನ ಕೆಲಸದಲ್ಲಿ ಸ್ಪಂದಿಸಿದವು. ಗಡ್ಡೆಗೂ ಮಿದುಳಿಗೂ ಸಂಪರ್ಕ ಹೆಚ್ಚಾಗಿದ್ದವರು ಬದುಕಿದ ಅವಧಿ ಕಡಿಮೆ ಎಂಬ ಕಹಿ ಸಂಗತಿಯೂ ಅಲ್ಲಿ ಕಂಡಿತು. ಈ ಸಂಪರ್ಕವನ್ನು ಔಷಧಿಯಿಂದ ತಡೆಯಬಹುದೇ ಎಂಬ ಶೋಧನೆ ನಡೆದಿದೆ.

ಇದರ ಜೊತೆಗೆ ರೋಗಿಯ ಯೋಚನೆಯನ್ನು ಮಂದಗೊಳಿಸುವ ಬೇರೆ ಕಾರಣಗಳೂ ಇವೆ. ಪದೇ ಪದೇ ಬರುವ ಫಿಟ್ಸ್, ಅದಕ್ಕೆ ಕೊಡುವ ಕೆಲವು ಮಾತ್ರೆಗಳು, ವಿಕಿರಣ ಚಿಕಿತ್ಸೆ, ನಿದ್ದೆಗೇಡು, ಚಿಂತೆ. ಹಾಗೆಂದು ಯಾರೂ ತಮ್ಮಷ್ಟಕ್ಕೆ ಮಾತ್ರೆ ನಿಲ್ಲಿಸಬಾರದು. ವೈದ್ಯರಿಗೆ ಹೇಳಿದರೆ ಅವರು ಬದಲಾಯಿಸಬಲ್ಲರು.

ತಾಯ್ತಂದೆಯರಿಗೆ ಎರಡು ಮಾತು

ಮೊದಲನೆಯದು, ಪ್ರತಿ ತಲೆನೋವೂ ಗಡ್ಡೆಯಲ್ಲ. ತಲೆನೋವುಗಳಲ್ಲಿ ಬಹುಪಾಲಿಗೆ ಕಾರಣ ಬೇರೆಯೇ. ಆದರೆ ಬೆಳಗಿನ ಹೊತ್ತು ವಾಂತಿಯೊಡನೆ ಬರುವ, ದಿನೇದಿನೇ ಹೆಚ್ಚುವ ತಲೆನೋವು, ಮೊದಲ ಸಲ ಬಂದ ಫಿಟ್ಸ್, ನಡಿಗೆಯಲ್ಲಿ ತೂರಾಟ, ಕಣ್ಣು ಮಂಜಾಗುವುದು, ಸ್ವಭಾವದಲ್ಲಿ ಕಾರಣವಿಲ್ಲದ ಬದಲಾವಣೆ ಕಂಡರೆ ವೈದ್ಯರ ಬಳಿಗೆ ಹೋಗಿ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿ ಕಾಲ ಕಳೆಯಬೇಡಿ.

ಎರಡನೆಯದು, ಚಿಕಿತ್ಸೆ ಮುಗಿಸಿ ಶಾಲೆಗೆ ಮರಳುವ ಮಕ್ಕಳ ವಿಷಯ. ಮಕ್ಕಳಲ್ಲಿ ಗಡ್ಡೆಗಳು ಅನೇಕ ವೇಳೆ ತಲೆಯ ಹಿಂಬದಿಯ ಅನುಮಸ್ತಿಷ್ಕದಲ್ಲಿ ಬರುತ್ತವೆ. ಅನುಮಸ್ತಿಷ್ಕ ದೇಹದ ಸಮತೋಲನಕ್ಕೆ ಮಾತ್ರ ಎಂದು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಮಹಾಮಸ್ತಿಷ್ಕದ ಮುಂಭಾಗದೊಡನೆಯೂ ಅದಕ್ಕೆ ಸಂಪರ್ಕವಿದೆ. ಅಲ್ಲಿ ಹಾನಿಯಾದರೆ ಯೋಜನೆ, ಭಾಷೆ, ಭಾವನೆಗಳೂ ಏರುಪೇರಾಗಬಹುದೆಂದು 1998ರಲ್ಲಿ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್ ವಿವರಿಸಿದರು. ಎಳೆಯ ವಯಸ್ಸಿನಲ್ಲಿ ಮಿದುಳಿಗೆ ವಿಕಿರಣ ಚಿಕಿತ್ಸೆ ಆದ ಮಗುವಿಗೆ ಪಾಠ ಗ್ರಹಿಸುವ ವೇಗ ತಗ್ಗುವುದುಂಟು. ಆ ಮಗು ದಡ್ಡನಲ್ಲ. ಅವನ ರೈಲು ಸುತ್ತುದಾರಿಯಲ್ಲಿ ಬರುತ್ತಿದೆ, ಅಷ್ಟೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಬಾಯಲ್ಲಿ ಹೇಳಿದ್ದನ್ನು ಹಲಗೆಯ ಮೇಲೂ ಬರೆಯಿರಿ. "ಮೊದಲು ಎಷ್ಟು ಚೂಟಿಯಾಗಿದ್ದೆ" ಎಂದು ಅವನೆದುರು ಕೊರಗಬೇಡಿ.

ತರಬೇತಿಯಿಂದ ಪ್ರಯೋಜನ ಉಂಟೆನ್ನುವುದಕ್ಕೆ ಆಧಾರವೂ ಇದೆ. ನೆದರ್ಲೆಂಡ್ಸಿನಲ್ಲಿ 140 ಮಂದಿ ಗ್ಲಿಯೋಮಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಮನ ಮತ್ತು ನೆನಪಿನ ಅಭ್ಯಾಸ ಮಾಡಿಸಿದರು. ಆರು ತಿಂಗಳ ನಂತರ ಆ ಗುಂಪಿನವರು ಗಮನ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಮುಂದಿದ್ದರು, ಅವರ ಮಾನಸಿಕ ಆಯಾಸವೂ ಕಡಿಮೆಯಾಗಿತ್ತು ಎಂದು 2009ರಲ್ಲಿ ವರದಿಯಾಯಿತು.

ನಮ್ಮ ಗಣಿತದ ಮೇಷ್ಟ್ರು ಇಂಥ ತರಬೇತಿಯ ಹೆಸರನ್ನೇ ಕೇಳಿರಲಿಲ್ಲ. ಆದರೂ ತಮ್ಮದೇ ಉಪಾಯ ಕಂಡುಕೊಂಡರು. ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್. ಬೆಳಗ್ಗೆ ಬಂದ ಕೂಡಲೇ ಆ ದಿನದ ಕೆಲಸಗಳನ್ನು ಒಂದರ ಕೆಳಗೊಂದು ಬರೆಯುವುದು, ಒಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟದಿರುವುದು, ಮುಗಿದದ್ದಕ್ಕೆ ಗೆರೆ ಎಳೆಯುವುದು. ಟೈಂಟೇಬಲ್ ಕೆಲಸ ಬೇರೆಯವರಿಗೆ ಹೋಯಿತು. ಪಾಠ ಮಾತ್ರ ಅವರು ನಿವೃತ್ತಿಯವರೆಗೂ ಮಾಡಿದರು, ಚೆನ್ನಾಗಿಯೇ ಮಾಡಿದರು.

ನಿವೃತ್ತಿಯ ದಿನ ನಾನು ಅವರಲ್ಲಿ ಹಳೆಯ ನಗುವಿಗಾಗಿ ಕ್ಷಮೆ ಕೇಳಿ, ರೂತ್‌ಳ ಅಡುಗೆಮನೆಯ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನೊಬ್ಬನೇ ಅಲ್ಲ ಅನ್ನಿ ಸಾರ್. ಇದನ್ನ ಆವತ್ತೇ ಯಾರಾದ್ರೂ ಹೇಳಿದ್ರೆ ಎಷ್ಟೋ ರಾತ್ರಿ ನಿದ್ದೆ ಬರ್ತಿತ್ತು" ಅಂದರು.

ಅದಕ್ಕೇ ಇದನ್ನು ಬರೆದೆ. ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಅಂಥವರೊಬ್ಬರು ಇದ್ದರೆ, ಈ ಮಾತನ್ನು ಅವರಿಗೆ ಇವತ್ತೇ ಹೇಳಿ.